ಗೋಕುಲ ರೋಡಿನಲ್ಲಿ ಇಲ್ಲದ ಕಾರು

ನಾವಿರುವುದು ಗದಗಿನ ಬೆಟಗೇರಿಯಲ್ಲಿ. ಅಪ್ಪನನ್ನು ತಿಂಗಳಿಗೆರಡು ಸಲ ಹುಬ್ಬಳ್ಳಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಬಸ್ಸು ಅವರಿಗೆ ಆಗುವುದಿಲ್ಲ. ಹಾಗಾಗಿ ಕಳೆದ ವರ್ಷ ಒಂದು ಹಳೇ ಕಾರು ನೋಡೋಣ ಅಂದುಕೊಂಡೆ. ಕೈಯಲ್ಲಿದ್ದದ್ದು 3 ಲಕ್ಷ. ರಾತ್ರಿ ಊಟ ಆದಮೇಲೆ ಮೊಬೈಲಿನಲ್ಲಿ ಜಾಹೀರಾತು ನೋಡುವುದೇ ಕೆಲಸ.

ಒಂದು ರಾತ್ರಿ 2018ರ ವ್ಯಾಗನಾರ್ ಕಣ್ಣಿಗೆ ಬಿತ್ತು. ಬೆಳ್ಳಿ ಬಣ್ಣ, ಓಡಿದ್ದು 31 ಸಾವಿರ ಕಿಲೋಮೀಟರ್, ಬೆಲೆ 1.40 ಲಕ್ಷ! ಅಂಥದ್ದೇ ಗಾಡಿಗೆ ಊರಲ್ಲಿ ಮೂರೂವರೆ ಹೇಳುತ್ತಿದ್ದರು. ಮಾರುವವನು ಫೋನ್ ಬೇಡ, ಮೇಲ್ ಮಾಡಿ ಅಂದ. ಮಾಡಿದೆ. ತಾನು ಸೈನ್ಯದಲ್ಲಿದ್ದೇನೆ, ಜಮ್ಮುವಿಗೆ ವರ್ಗ ಆಗಿದೆ, ಕಾರು ಹುಬ್ಬಳ್ಳಿಯ ಗೋಕುಲ ರೋಡಿನ ಏರ್‌ಪೋರ್ಟ್ ಪಾರ್ಕಿಂಗಿನಲ್ಲಿದೆ ಅಂತ ಉತ್ತರ ಬಂತು. ಜೊತೆಗೆ ಆರ್‌ಸಿ (ಗಾಡಿಯ ನೋಂದಣಿ ಪತ್ರ), ಗುರುತಿನ ಚೀಟಿ, ಯೂನಿಫಾರ್ಮ್ ತೊಟ್ಟ ಫೋಟೋ. ಮೋಸಗಾರರಿಗೆ ಈ ಸೈನಿಕನ ವೇಷ ಬಹಳ ಹಳೇದು ಅಂತ ಈಗ ಗೊತ್ತು. ಆಗ ಮಾತ್ರ, ಪಾಪ, ಗಡಿ ಕಾಯುವವನು ಅಂತ ನಾನೇ ಮೆತ್ತಗಾದೆ.

ಮರುದಿನ 'ಏರ್‌ಪೋರ್ಟ್ ಕಾರ್ಗೋ ಡೆಲಿವರಿ' ಅನ್ನೋ ಹೆಸರಿನಲ್ಲಿ ಇನ್ನೊಂದು ಮೇಲ್. ಲೋಗೋ, ಸೀಲು, ಬಿಲ್ ನಂಬರ್ ಎಲ್ಲ ಇತ್ತು. ಗೇಟ್ ಪಾಸಿಗೆ 2,150 ರೂಪಾಯಿ ಕಟ್ಟಿದರೆ ಗಾಡಿ ಮನೆ ಬಾಗಿಲಿಗೇ ಬರುತ್ತದಂತೆ, ಆ ದುಡ್ಡೂ ವಾಪಸ್ಸಂತೆ. ಕಟ್ಟಿಬಿಟ್ಟೆ. ಸಂಜೆಗೆ ಜಿಎಸ್‌ಟಿ ಅಂತ 11,500 ಕೇಳಿದರು.

"ಅಗ್ಗದ ಆಸೆಗೆ ಹೋಗಿ ಮುಗ್ಗಿದ ಜ್ವಾಳ ತಂದಂಗಾತು ನೋಡ್ರಿ" ಅಂದಳು ಹೆಂಡತಿ, ರೊಟ್ಟಿ ಬಡಿಯುತ್ತಲೇ. ಸಿಟ್ಟು ಬಂತು. ಆದರೂ ಲ್ಯಾಪ್‌ಟಾಪ್ ತೆಗೆದು ಕೂತೆ.

ಮೇಲ್ ಕಳಿಸಿದವರ ಹೆಸರಿನ ಹತ್ತಿರ ಒಂದು ಸಣ್ಣ ಬಾಣದ ಗುರುತಿರುತ್ತದೆ. ಒತ್ತಿದೆ. ಹೆಸರು ಅಷ್ಟುದ್ದ, ವಿಳಾಸ ನೋಡಿದರೆ ಜಿಮೇಲ್, ಅದರಲ್ಲೂ ಆರು ಅಂಕಿ ಸೇರಿಸಿದ್ದು. ಏರ್‌ಪೋರ್ಟಿನವರು ಜಿಮೇಲಿನಿಂದ ಬಿಲ್ ಕಳಿಸ್ತಾರಾ? ಆಮೇಲೆ ಮೇಲಿನ ಮೂಲ ವಿವರ ತೋರಿಸುವ 'ಶೋ ಒರಿಜಿನಲ್' ತೆರೆದೆ. ಮೇಲ್ ಎಲ್ಲಿಂದ ಬಂತು ಅಂತ ನೋಡುವ ಎರಡು ಪರೀಕ್ಷೆ ಅಲ್ಲಿದ್ದವು, ಎಸ್‌ಪಿಎಫ್ ಪಾಸ್, ಡಿಕೆಐಎಂ ಪಾಸ್ ಅಂತಿತ್ತು. ತಲೆ ಗಿರ್ ಅಂತು. ಸ್ವಲ್ಪ ಓದಿದ ಮೇಲೆ ತಿಳಿಯಿತು: ಈ ಮೇಲ್ ನಿಜವಾಗಿ ಜಿಮೇಲಿನಿಂದಲೇ ಬಂದಿದೆ ಅನ್ನುವುದಷ್ಟೇ ಅದರ ಅರ್ಥ. ಕಳ್ಳನಿಗೂ ಜಿಮೇಲ್ ಖಾತೆ ಸಿಗುತ್ತದಲ್ವಾ.

ಆಟ ಪೂರ್ತಿ ಬಯಲಾಗಿದ್ದು ಆರ್‌ಸಿಯಲ್ಲಿ. ಗಾಡಿಯ ಮೈಮೇಲೆ ಕೊರೆದಿರುವ ಚಾಸಿ ನಂಬರಿಗೆ ಅಕ್ಷರ, ಅಂಕಿ ಸೇರಿ 17. ಮಾರುತಿ ಗಾಡಿಗೆ ಅದು ಎಂಎ3 ಅಂತ ಶುರುವಾಗುತ್ತದೆ. ಇವನದ್ದು ಎಂಎಎಲ್, ಅಂದರೆ ಹ್ಯುಂಡೈ! ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿದರೆ ಅಲ್ಲೂ ಹ್ಯುಂಡೈ ಐ10. ಯಾರದೋ ಆರ್‌ಸಿ ತಗೊಂಡು ಮಾಡೆಲ್ ಹೆಸರು ಮಾತ್ರ ತಿದ್ದಿದ್ದರು. ಕಾರಿನ ಫೋಟೋವನ್ನು, ಅಂಥದ್ದೇ ಚಿತ್ರ ಹುಡುಕಿಕೊಡುವ ಗೂಗಲ್ ಲೆನ್ಸಿಗೆ ಕೊಟ್ಟೆ. ಅದೇ ಕಾರು, ಅದೇ ಹಿಂದಿನ ಗೋಡೆ, ಬೇರೆ ರಾಜ್ಯದ ಜಾಹೀರಾತು.

ಹುಬ್ಬಳ್ಳಿಯಲ್ಲಿ ಅಕ್ಕನ ಮಗ ಇದ್ದಾನೆ. ಬೈಕ್ ಹತ್ತಿ ಹೋಗಿ ಪಾರ್ಕಿಂಗ್ ಪೂರ್ತಿ ಸುತ್ತಿ ಬಂದ. "ಮಾಮಾ, ಇಲ್ಲಿ ಬೆಳ್ಳಿ ವ್ಯಾಗನಾರ್ ಒಂದೂ ಇಲ್ಲ." ಈ ಕೆಲಸವನ್ನು ಮೊದಲ ದಿನವೇ ಮಾಡಿಸಬಹುದಿತ್ತು. ಪೆಟ್ರೋಲಿಗೆ ಐವತ್ತು ರೂಪಾಯಿ ಖರ್ಚಾಗುತ್ತಿತ್ತು.

ದುಡ್ಡು ವಾಪಸ್ ಕೊಡಿ ಅಂದಿದ್ದಕ್ಕೆ ಕ್ಯೂಆರ್ ಕೋಡ್ ಕಳಿಸಿದರು. ಸ್ಕ್ಯಾನ್ ಮಾಡಿದರೆ ಪಿನ್ ಕೇಳಿತು. ನಮಗೆ ದುಡ್ಡು ಬರುವುದಕ್ಕೆ ಯುಪಿಐ ಪಿನ್ ಯಾಕೆ ಬೇಕು? ಅಲ್ಲಿಗೇ ಬಿಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಬೇಗ ಹೇಳಿದಷ್ಟೂ ದುಡ್ಡನ್ನು ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆ ಜಾಸ್ತಿ. ನಾನು ಒಂದು ದಿನ ತಡ ಮಾಡಿದ್ದೆ. 2,150 ಹೋಗಿದ್ದು ಹೋಯಿತು.

ಕೊನೆಗೆ ರಾಣೆಬೆನ್ನೂರಿನಲ್ಲಿ 2015ರ ವ್ಯಾಗನಾರ್ ಸಿಕ್ಕಿತು, ಕೆಎ 27 ನಂಬರಿನದು. ಮೆಕ್ಯಾನಿಕ್‌ನನ್ನು ಕರೆದುಕೊಂಡೇ ಹೋದೆ. ಆರ್‌ಸಿಯಲ್ಲಿ ಸಾಲದ ನಮೂದು ಇನ್ನೂ ಇತ್ತು. ಸಾಲ ತೀರಿದೆ ಅನ್ನುವ ಬ್ಯಾಂಕಿನ ಎನ್‌ಒಸಿ, ಆ ನಮೂದು ತೆಗೆಸುವ ಫಾರ್ಮ್ 35 ಕೈಗೆ ಬರುವವರೆಗೂ ಅಡ್ವಾನ್ಸ್ ಕೊಡಲಿಲ್ಲ. ಗಾಡಿಯನ್ನು ನನ್ನ ಹೆಸರಿಗೆ ಮಾಡಿಸುವ ಫಾರ್ಮ್ 29, 30ಕ್ಕೆ ಮಾಲೀಕರು ನನ್ನೆದುರೇ ಸಹಿ ಹಾಕಿದರು.

ಅದಕ್ಕೂ ಮೊದಲು ಬಾನೆಟ್ ಎತ್ತಿಸಿ, ಟಾರ್ಚ್ ಹಿಡಿದು, ಬಟ್ಟೆಯಿಂದ ಧೂಳು ಒರೆಸಿ ಚಾಸಿ ನಂಬರ್ ಒಂದೊಂದೇ ಅಕ್ಷರ ಓದಿದೆ. ಮಾಲೀಕರು ಚಹಾ ಲೋಟ ಹಿಡಿದು ನಿಂತಿದ್ದರು. "ಪೊಲೀಸ್ ಡಿಪಾರ್ಟ್‌ಮೆಂಟೇನ್ರಿ?" ಅಂತ ಕೇಳಿದರು. ಇಲ್ಲ ಅಂದು ಲೋಟ ತಗೊಂಡೆ.