ತೂಬು ಎತ್ತಿ, ಗೇಟು ತಳ್ಳಿ: ಆಕ್ಸ್‌ಫರ್ಡ್ ಕಾಲುವೆಯಲ್ಲಿ ನಾಲ್ಕು ದಿನ

ಊರಿಂದ ಅಪ್ಪ ಅಮ್ಮ ಬಂದಿದ್ದರು. ಲಂಡನ್ ತೋರಿಸಿ ಆಗಿತ್ತು. "ಇನ್ನೆಷ್ಟು ಕಟ್ಟಡ ನೋಡೋದು ಕಣೋ" ಅಂದರು ಅಪ್ಪ. ಅವರು ಮಂಡ್ಯದ ಕಡೆ ನಾಲೆಯಲ್ಲಿ ಸೌಡಿಯಾಗಿದ್ದವರು. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಬಿಡುವುದೇ ಅವರ ಕೆಲಸವಾಗಿತ್ತು. ಅದಕ್ಕೇ ಈ ದೋಣಿಯ ಯೋಚನೆ ಹೊಳೆಯಿತು.

ಲೋಯರ್ ಹೇಫರ್ಡ್‌ನಲ್ಲಿ ರೈಲು ಇಳಿದರೆ ಪಕ್ಕದಲ್ಲೇ ಕಾಲುವೆ. ನಾವು ಬಾಡಿಗೆಗೆ ತೆಗೆದುಕೊಂಡ ನ್ಯಾರೋಬೋಟ್, ಅಂದರೆ ಇಂಥ ಕಿರಿದಾದ ಕಾಲುವೆಗೆಂದೇ ಮಾಡಿದ ಉದ್ದನೆ ದೋಣಿ, 57 ಅಡಿ ಉದ್ದ, 6 ಅಡಿ 10 ಅಂಗುಲ ಅಗಲ. ಕಾಲುವೆಯ ಮಟ್ಟ ಬದಲಾಗುವ ಕಡೆ ಲಾಕ್ ಇರುತ್ತೆ: ಎರಡೂ ತುದಿಗೆ ಗೇಟಿರುವ ತೊಟ್ಟಿ, ನೀರು ತುಂಬಿಸಿದರೆ ದೋಣಿ ಮೇಲೇರುತ್ತೆ, ಬಿಟ್ಟರೆ ಇಳಿಯುತ್ತೆ. ಲಾಕ್‌ಗಳ ಅಗಲ ಸುಮಾರು 7 ಅಡಿ. ಅಂದರೆ ಎರಡೂ ಕಡೆ ಒಂದೊಂದು ಅಂಗುಲ ಜಾಗ, ಅಷ್ಟೇ. ಒಳಗೆ ಹೋದರೆ ರೈಲು ಡಬ್ಬಿಯ ಹಾಗೆ: ಒಂದರ ಹಿಂದೆ ಒಂದು ಅಡುಗೆಮನೆ, ಬಚ್ಚಲು, ಮಂಚ. ಅಮ್ಮ ಮೊದಲು ನೋಡಿದ್ದು ಗ್ಯಾಸ್ ಒಲೆ. ಒಗ್ಗರಣೆ ಹಾಕಿದರೆ ಇಡೀ ದೋಣಿಗೆ ಕೆಮ್ಮು ಬರುತ್ತೆ ಅಂತ ಮೊದಲ ದಿನವೇ ಗೊತ್ತಾಯಿತು.

ಬಾಡಿಗೆ ದೋಣಿ ನಡೆಸಲು ಲೈಸೆನ್ಸ್ ಬೇಡ. ಒಂದು ಗಂಟೆ ಹೇಳಿಕೊಟ್ಟು ಕೈಗೆ ಕೀ ಕೊಟ್ಟರು. ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತೆ. ಅರ್ಧ ದಿನ ನನ್ನ ತಲೆ ಅದಕ್ಕೆ ಒಪ್ಪಲಿಲ್ಲ. ಎರಡು ಸಲ ಜೊಂಡಿನೊಳಗೆ ನುಗ್ಗಿಸಿದೆ. ವೇಗದ ಮಿತಿ ಗಂಟೆಗೆ 4 ಮೈಲಿ. ಕಟ್ಟಿ ನಿಲ್ಲಿಸಿದ ದೋಣಿಗಳು ಕಂಡರೆ ಅದಕ್ಕಿಂತಲೂ ನಿಧಾನ. ನಾವು ಹೊರಟಿದ್ದು ಬ್ಯಾನ್‌ಬರಿ ಅನ್ನೋ ಊರಿಗೆ. ಅಲ್ಲಿಗೆ ರೈಲಿನಲ್ಲಿ ಕಾಲು ಗಂಟೆ. ನಮಗೆ ಎರಡು ದಿನ ಹಿಡಿಯಿತು! ಒಂದು ಮೈಲಿಗೆ 20 ನಿಮಿಷ, ಒಂದು ಲಾಕ್‌ಗೆ 20 ನಿಮಿಷ ಅಂತ ಲೆಕ್ಕ ಇಟ್ಟುಕೊಳ್ಳಿ. ಮೊದಲ ಸಲ ಹೋಗುವವರಾದರೆ ಇನ್ನೂ ಸ್ವಲ್ಪ ಜಾಸ್ತಿಯೇ ಇಟ್ಟುಕೊಳ್ಳಿ.

ದಾರಿಯಲ್ಲಿ ಸಿಗುವ ಸಾಮರ್ಟನ್ ಡೀಪ್ ಲಾಕ್‌ನಲ್ಲಿ ನೀರು ಸುಮಾರು 12 ಅಡಿ ಏರಬೇಕು. ಕೆಳಗಿನಿಂದ ಒಳಗೆ ಹೋದಾಗ ಎರಡೂ ಕಡೆ ಪಾಚಿ ಗೋಡೆ, ಮೇಲೆ ಒಂದು ಪಟ್ಟಿ ಆಕಾಶ. "ಬಾವಿಗೆ ಇಳಿಸ್ತಾ ಇದ್ದೀಯೇನೋ ನಮ್ಮನ್ನ?" ಅಂದರು ಅಮ್ಮ. ಮೇಲೆ ಅಪ್ಪ ಮತ್ತು ನನ್ನ ಹೆಂಡತಿ. ವಿಂಡ್‌ಲಾಸ್ ಅನ್ನೋ ಕಬ್ಬಿಣದ ಹಿಡಿ ಸಿಕ್ಕಿಸಿ ತಿರುಗಿಸಿದರೆ ಗೇಟಿನ ಬಳಿಯ ಹಲಗೆ ಮೇಲೇಳುತ್ತೆ. ಇಲ್ಲಿಯವರು ಅದಕ್ಕೆ ಪ್ಯಾಡಲ್ ಅನ್ನುತ್ತಾರೆ. ಅಪ್ಪ ನೋಡಿದವರೇ, "ಅಯ್ಯೋ, ತೂಬು!" ಅಂದರು. ಆಮೇಲೆ ನಮ್ಮ ಮನೆಯಲ್ಲಿ ಪ್ಯಾಡಲ್ ಅನ್ನೋ ಮಾತೇ ಬರಲಿಲ್ಲ. "ಅರ್ಧ ಎತ್ತಮ್ಮ, ನೀರು ನಿಲ್ಲಲಿ, ಆಮೇಲೆ ಪೂರ್ತಿ" ಅಂತ ಸೊಸೆಗೆ ಹೇಳುತ್ತಿದ್ದರು. ಹಾಗೆ ಮಾಡಿದರೆ ದೋಣಿ ಗುದ್ದಾಡುವುದಿಲ್ಲ. ಒಂದು ಸಲ ಲಾಕ್ ತುಂಬಲು ಲಕ್ಷ ಲೀಟರ್‌ಗೂ ಜಾಸ್ತಿ ನೀರು ಬೇಕು ಅಂದಾಗ ಮಾತ್ರ ಅವರ ಮುಖ ಸಣ್ಣಗಾಯಿತು.

ಮುಂದಿನ ಏನ್ಹೋ ವಿಯರ್ ಲಾಕ್ ವಿಚಿತ್ರ. ಹೊಟ್ಟೆ ಉಬ್ಬಿದ ಹಾಗೆ ಅಗಲ, ಆದರೆ ನೀರಿನ ಏರಿಳಿತ ಒಂದಡಿಯಷ್ಟೇ. ಯಾಕೆ ಹೀಗೆ ಅಂತ ನಾನು ಫೋನಿನಲ್ಲಿ ಹುಡುಕುತ್ತಿದ್ದೆ. ಅಪ್ಪ ಸುಮ್ನೆ ಹೇಳಿದರು: "ಕೆಳಗಿನ ಲಾಕ್ ಅಷ್ಟು ನೀರು ಕುಡಿಯುತ್ತಲ್ಲ, ಮೇಲಿಂದ ಅಷ್ಟು ಬಿಡಬೇಡವೇನೋ? ಆಳ ಇಲ್ಲ, ಅದಕ್ಕೆ ಅಗಲ." ಅದೇ ಸರಿ. 1790ರಲ್ಲಿ ಆಕ್ಸ್‌ಫರ್ಡ್ ಮುಟ್ಟಿದ ಕಾಲುವೆಯ ಲೆಕ್ಕ ಅವರಿಗೆ ಒಂದು ನೋಟದಲ್ಲೇ ಸಿಕ್ಕಿತ್ತು.

ದೋಣಿಯನ್ನು ಎಲ್ಲೆಂದರಲ್ಲಿ ತಿರುಗಿಸಲು ಆಗುವುದಿಲ್ಲ, ಅದಕ್ಕೆಂದೇ ಅಗಲ ಮಾಡಿದ ಜಾಗ ಬೇಕು. ಬ್ಯಾನ್‌ಬರಿಯಲ್ಲಿ ತಿರುಗಿಸಿಕೊಂಡು, ಹಾಲು ಮೊಸರು ಕೊಂಡು ವಾಪಸ್ ಹೊರಟೆವು.

ಇಳಿಯುವಾಗಲೇ ನಾನು ತಪ್ಪು ಮಾಡಿದ್ದು. ಲಾಕ್‌ನ ಮೇಲಿನ ಗೇಟಿನ ಬುಡದಲ್ಲಿ ನೀರಿನೊಳಗೆ ಒಂದು ಕಟ್ಟೆ ಇದೆ, ಸಿಲ್ ಅಂತ. ನೀರು ಇಳಿಯುವಾಗ ದೋಣಿಯ ಹಿಂಭಾಗ ಅದರ ಮೇಲೆ ಕೂತರೆ ಮುಂಭಾಗ ಮುಳುಗುತ್ತೆ. ಅಲ್ಲಿ ಬಿಳಿ ಗೆರೆ ಎಳೆದಿರುವುದು ಅದಕ್ಕೇ. ಸಾಮರ್ಟನ್‌ನಲ್ಲಿ ಮಗಳ ಫೋಟೋ ತೆಗೆಯುತ್ತಾ ನಿಂತೆ. ದೋಣಿ ಮೆಲ್ಲಗೆ ಗೆರೆಯ ಹಿಂದೆ ಜಾರುತ್ತಿತ್ತು. "ತಾತಾ!" ಅಂತ ಅವಳು ಕೂಗಿದ್ದೇ, ಅಪ್ಪ ತೂಬು ಇಳಿಸಿ ನೀರು ನಿಲ್ಲಿಸಿದರು. ನಾನು ದೋಣಿಯನ್ನು ಮುಂದಕ್ಕೆ ತಂದೆ. ಐದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಅಮ್ಮ ಕಾಫಿ ಕೊಟ್ಟರು, ಎಲ್ಲರಿಗೂ, ನನ್ನೊಬ್ಬನನ್ನು ಬಿಟ್ಟು.

ಹೇಫರ್ಡ್‌ನಲ್ಲಿ ದೋಣಿ ಒಪ್ಪಿಸಿದಾಗ ಸಾಮಾನಿನಲ್ಲಿ ಒಂದು ವಿಂಡ್‌ಲಾಸ್ ಕಮ್ಮಿ ಬಂತು. ಹುಡುಕಾಡಿದೆವು. ಅಪ್ಪ ಸೊಂಟಕ್ಕೆ ಸಿಕ್ಕಿಸಿಕೊಂಡು ಆಗಲೇ ಸ್ಟೇಷನ್ ಕಡೆ ನಡೆದಿದ್ದರು.