ಮಳೆಗಾಲದ ಉಬ್ಬಿನಲ್ಲಿ ಹಿಂದಿನ ಚಕ್ರದ ಗಾಡಿ

ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮ ಹೊಸನಗರ ಕಡೆಯ ತೋಟದ ದಾರಿಯಲ್ಲಿ ಗಾಡಿ ಓಡಿಸುವುದು ಬೇರೆಯದೇ ಕೆಲಸ. ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯಲ್ಲಿ ದೊಡ್ಡ ಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅಡಿಕೆಗೆ ಕೊಳೆ ಔಷಧಿ ಹೊಡೆಸುವ ಕಾಲವೂ ಅದೇ. ಮೈಲುತುತ್ತ, ಸುಣ್ಣ, ಡ್ರಮ್ಮು, ಪಂಪು, ಔಷಧಿ ಹೊಡೆಯುವವರು ಎಲ್ಲವೂ ಮಳೆ ಬಿಟ್ಟು ಹೊಳವಾದ ಅರ್ಧ ದಿನದೊಳಗೆ ತೋಟ ಮುಟ್ಟಬೇಕು. ನಾನು ಓಡಿಸುವುದು ಓಮ್ನಿ. ಅದಕ್ಕೆ ಮೊದಲು ಮನೆಯ ಹಳೇ ಜೀಪಿತ್ತು, ಈಗಲೂ ಆಗಾಗ ಭಾವನ ಬೊಲೆರೊ ಪಿಕಪ್ ಸಿಗುತ್ತದೆ. ಮೂರರಲ್ಲೂ ಎಂಜಿನ್ನಿನ ಬಲ ಹೋಗುವುದು ಹಿಂದಿನ ಚಕ್ರಕ್ಕೆ.

ಈಗಿನ ಹುಡುಗರು ಕಲಿಯುವುದು ಮುಂದಿನ ಚಕ್ರ ಎಳೆಯುವ ಸಣ್ಣ ಕಾರುಗಳಲ್ಲಿ. ಅಂಥ ಕಾರು ಜಾರಿದರೆ ಸ್ಟಿಯರಿಂಗ್ ತಿರುಗಿಸಿದರೂ ಮೂತಿ ನೆಟ್ಟಗೆ ಹೋಗುತ್ತದೆ. ಹಿಂದಿನ ಚಕ್ರದ ಗಾಡಿ ಹಾಗಲ್ಲ, ಅದರ ಹಿಂಭಾಗವೇ ಪಕ್ಕಕ್ಕೆ ಬರುತ್ತದೆ. ಓಮ್ನಿ ತಯಾರಿಕೆ 2019ರಲ್ಲಿ ನಿಂತರೂ ಮಲೆನಾಡಿನ ಮನೆಯಂಗಳದಲ್ಲಿ ಇನ್ನೂ ಬೇಕಾದಷ್ಟಿವೆ. ಇಕೋ, ಬೊಲೆರೊಗಳೂ ಅದೇ ಜಾತಿ. ಹಾಗಾಗಿ ಇದನ್ನು ಬರೆಯಬೇಕು ಅನ್ನಿಸಿತು.

ಮೊದಲ ಮಾತು ಭಾರದ್ದು. ಓಮ್ನಿಯ 796 ಸಿಸಿ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಗೆ, ಓಡಿಸುವವನು ಕೂರುವುದೂ ಅಲ್ಲೇ. ಖಾಲಿ ಗಾಡಿಯಲ್ಲಿ ಹಿಂದಿನ ಚಕ್ರದ ಮೇಲೆ ಭಾರವೇ ಇರುವುದಿಲ್ಲ. ಪಿಕಪ್ಪಿನ ಕಥೆಯೂ ಅದೇ, ಖಾಲಿ ಇದ್ದಾಗ ಪಟ್ಟಿ ಸ್ಪ್ರಿಂಗ್ ಬಗ್ಗುವುದೇ ಇಲ್ಲ, ಹಿಂದಿನ ಚಕ್ರ ಹೊಂಡದಿಂದ ಹೊಂಡಕ್ಕೆ ಕುಪ್ಪಳಿಸುತ್ತದೆ. ಮಳೆಗಾಲ ಪೂರ್ತಿ ನಾನು ಎರಡು ಚೀಲ ಮರಳು ಹಾಕಿಯೇ ಇಡುತ್ತೇನೆ. ಇಡುವ ಜಾಗ ಮುಖ್ಯ: ಹಿಂದಿನ ಆಕ್ಸಲ್ಲಿನ ನೆತ್ತಿಯ ಮೇಲೇ ಬರಬೇಕು. ತೀರಾ ಹಿಂಬಾಗಿಲಿಗೆ ಒತ್ತಿ ಇಟ್ಟರೆ ಮೂತಿ ಹಗುರಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಹಗ್ಗ ಹಾಕಿ ಬಿಗಿಯದಿದ್ದರೆ ತಿರುವಿನಲ್ಲಿ ಚೀಲವೇ ಜಾರಿ ಗಾಡಿಯನ್ನು ಎಳೆಯುತ್ತದೆ. ಹಿಮ ಬೀಳುವ ದೇಶಗಳಲ್ಲೂ ಹಿಂದಿನ ಚಕ್ರದ ಕಾರಿನವರು ಚಳಿಗಾಲಕ್ಕೆ ಡಿಕ್ಕಿಯಲ್ಲಿ ಮರಳಿನ ಚೀಲ ಇಟ್ಟುಕೊಳ್ಳುತ್ತಾರೆ. ಚಕ್ರ ಸಿಕ್ಕಿಕೊಂಡರೆ ಅದೇ ಮರಳನ್ನು ಅಡಿಗೆ ಚೆಲ್ಲಲೂ ಬರುತ್ತದೆ. ಗಡ್ಡೆಗಟ್ಟಿದ ಮಂಜಿನ ಮೇಲೆ ಟೈರಿಗೆ ಸಿಗುವ ಹಿಡಿತ ಒಣ ಡಾಂಬರಿನ ಹಿಡಿತಕ್ಕೆ ಹೋಲಿಸಿದರೆ ಎಂಟರಲ್ಲೊಂದು ಪಾಲಿನಷ್ಟು. ನಮಗೆ ಮಂಜುಗಡ್ಡೆ ಇಲ್ಲ, ಹಾವಸೆ (ಪಾಚಿ) ಇದೆ.

ಹೊರಗಿನವರು ಕೆಸರಿಗೆ ಹೆದರುತ್ತಾರೆ. ನನಗೆ ಹೆಚ್ಚು ಭಯ ತೋಟದ ನೆರಳಿನಲ್ಲಿರುವ ಕಾಂಕ್ರೀಟ್ ರಸ್ತೆಯದು. ಪುನರ್ವಸು ಮಳೆಯ ಹೊತ್ತಿಗೆ ಅದರ ಮೇಲೆ ಕಪ್ಪು-ಹಸಿರು ಪದರ ಕಟ್ಟಿರುತ್ತದೆ, ಕಾಲಲ್ಲಿ ಒರೆಸಿದರೆ ಲೋಳೆ ಬರುತ್ತದೆ. ಕೆಸರಿನಲ್ಲಿ ಟೈರಿನ ಹಲ್ಲಿಗೆ ಕಚ್ಚಲು ಏನಾದರೂ ಸಿಕ್ಕೀತು, ಇಲ್ಲಿ ಏನೂ ಸಿಗುವುದಿಲ್ಲ. ಚಕ್ರ ಓಡಾಡಿದ ಎರಡು ಗೆರೆ ಮಾತ್ರ ಬೆಳ್ಳಗಿರುತ್ತದೆ, ಅದರ ಮೇಲೇ ಹೋಗಬೇಕು. ಎದುರಿಗೆ ಗಾಡಿ ಬಂದರೆ ಹಾವಸೆಯ ಮೇಲೆ ಪಕ್ಕಕ್ಕೆ ಇಳಿಸುವುದಕ್ಕಿಂತ ಅಗಲ ಜಾಗದ ತನಕ ಹಿಂದೆ ಹೋಗುವುದೇ ಒಳ್ಳೆಯದು. ಟಾರು ರಸ್ತೆಯಲ್ಲಿ ಅಕೇಶಿಯಾ ಎಲೆ ಉದುರಿ ನೆನೆದಿರುವ ಜಾಗವೂ ಹೀಗೇ ಜಾರುತ್ತದೆ, ಅದು ಸಿಗುವುದು ಹೆಚ್ಚಾಗಿ ತಿರುವಿನ ಒಳಮೈಯಲ್ಲಿ.

ಉಬ್ಬು, ಅಂದರೆ ಏರು, ಹತ್ತುವಾಗ ಹಿಂದಿನ ಚಕ್ರದ ಗಾಡಿಗೆ ಒಂದು ಅನುಕೂಲವಿದೆ. ಭಾರ ಹಿಂದಕ್ಕೆ ವಾಲುತ್ತದೆ, ದೂಡುವ ಚಕ್ರಕ್ಕೇ ಒತ್ತು ಸಿಗುತ್ತದೆ. ಅದನ್ನು ಹಾಳುಮಾಡುವುದು ನಮ್ಮ ಬಲಗಾಲು. ಕೆಳಗಿನ ಸಮತಟ್ಟಿನಲ್ಲೇ ಎರಡನೇ ಗೇರಿಗೆ ಬಂದು, ಮೇಲಿನ ತನಕ ಒಂದೇ ಹದದಲ್ಲಿ ಆಕ್ಸಿಲರೇಟರ್ ಹಿಡಿಯಬೇಕು. ಅರ್ಧ ಉಬ್ಬಿನಲ್ಲಿ ಗೇರ್ ಬದಲಿಸಿದರೆ ವೇಗ ಸಾಯುತ್ತದೆ, ಕ್ಲಚ್ ಬಿಟ್ಟ ಏಟಿಗೆ ಚಕ್ರ ಗಿರ್ರನೆ ತಿರುಗುತ್ತದೆ. ಹತ್ತಲಿಲ್ಲವೇ, ಹಟ ಮಾಡಬಾರದು. ಬ್ರೇಕ್ ಹಿಡಿದು ರಿವರ್ಸ್ ಗೇರಿಗೆ ಹಾಕಿ, ಕ್ಲಚ್ ಮೆಲ್ಲಗೆ ಪೂರ್ತಿ ಬಿಟ್ಟು, ಬಂದ ಗೆರೆಯಲ್ಲೇ ನೆಟ್ಟಗೆ ಇಳಿಯಬೇಕು. ಸ್ಟಿಯರಿಂಗ್ ತಿರುಗಿಸಿದರೆ ಗಾಡಿ ಅಡ್ಡ ನಿಲ್ಲುತ್ತದೆ, ಒಂದು ಬದಿ ಮಣ್ಣಿನ ಗೋಡೆಯಂಥ ಧರೆ, ಇನ್ನೊಂದು ಬದಿ ಚರಂಡಿ.

ಒಂದು ಚಕ್ರ ರಾಡಿಯಲ್ಲಿ ಸುಮ್ಮನೆ ತಿರುಗುತ್ತ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಅಲ್ಲಾಡದೇ ಇರುವುದನ್ನು ಎಲ್ಲರೂ ನೋಡಿರುತ್ತಾರೆ. ಎಂಜಿನ್ನಿನ ಬಲವನ್ನು ಎರಡು ಚಕ್ರಕ್ಕೆ ಹಂಚುವ ಸಾದಾ ಡಿಫರೆನ್ಶಿಯಲ್ ಇರುವುದೇ ಹಾಗೆ. ಒಂದು ಚಕ್ರಕ್ಕೆ ತಡೆಯೇ ಇಲ್ಲದಿದ್ದರೆ ಇನ್ನೊಂದಕ್ಕೂ ಬಲ ಸಿಗುವುದಿಲ್ಲ. ಭಾವನ ಮಗ ಕಳೆದ ಮಳೆಗಾಲದಲ್ಲಿ ಗಾಡಿಯನ್ನು ತೋಟದ ಬಾಗಿಲಿನ ದಣಪೆ ಹತ್ತಿರ ಹೂತುಕೊಂಡು, "ಮಾವ, ಇನ್ನೂ ಜೋರು ಕೊಡ್ಲಾ?" ಅಂತ ಕೇಳಿದ. "ಜೋರು ಬೇಡ ಮಾರಾಯ, ಹ್ಯಾಂಡ್‌ಬ್ರೇಕ್ ಸ್ವಲ್ಪ ಎಳಿ" ಅಂದೆ. ಓಮ್ನಿ, ಬೊಲೆರೊಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಎರಡು ಡ್ರಮ್ಮುಗಳನ್ನು. ಎರಡು-ಮೂರು ಹಲ್ಲಷ್ಟು ಎಳೆದರೆ ಸುಮ್ಮನೆ ತಿರುಗುವ ಚಕ್ರಕ್ಕೆ ತಡೆ ಸಿಗುತ್ತದೆ, ಆಗ ನೆಲದ ಮೇಲಿರುವ ಚಕ್ರಕ್ಕೂ ಬಲ ಹರಿಯುತ್ತದೆ. ಆಕ್ಸಿಲರೇಟರ್ ಮೆಲ್ಲಗೆ, ಗಾಡಿ ಕದಲಿದ ಕೂಡಲೇ ಹ್ಯಾಂಡ್‌ಬ್ರೇಕ್ ಬಿಡಬೇಕು. ಅವನ ಗಾಡಿ ಹಾಗೇ ಎದ್ದು ಬಂತು. ಏಳದಿದ್ದರೆ ಚಕ್ರದ ಅಡಿಗೆ ಜಂಬಿಟ್ಟಿಗೆ ಚೂರು, ಕೊಂಬೆ ಕೊಡಬೇಕು. ಅಡಿಕೆ ಹಾಳೆ ಕೊಡಬೇಡಿ, ಒದ್ದೆಯಾದರೆ ಅದೇ ಜಾರುತ್ತದೆ. ಚಕ್ರದ ನೇರಕ್ಕೆ ಹಿಂದೆ ಯಾರೂ ನಿಲ್ಲಬಾರದು, ಕಲ್ಲು ಸಿಡಿದು ಬರುತ್ತದೆ.

ನಿಜವಾದ ಅಪಾಯ ಇರುವುದು ಇಳಿಯುವಾಗ, ಅದೂ ಸಾಮಾನು ಇಳಿಸಿ ಖಾಲಿ ಬರುವಾಗ. ಭಾರವೆಲ್ಲ ಮುಂದಕ್ಕೆ ವಾಲಿ ಹಿಂದಿನ ಚಕ್ರ ತೀರಾ ಹಗುರಾಗಿರುತ್ತದೆ. ಎಂಜಿನ್ನಿನ ತಡೆ ಬೀಳುವುದು ಆ ಹಗುರಾದ ಚಕ್ರಕ್ಕೇ. "ಇಳಿಜಾರಿಗೆ ಫಸ್ಟ್ ಗೇರ್" ಅನ್ನುವ ಮಾತನ್ನು ನಂಬಿ ಹಾವಸೆಯ ನಡುವೆ ಮೊದಲ ಗೇರಿಗೆ ಹಾಕಿ ಕ್ಲಚ್ ದಡಕ್ಕನೆ ಬಿಟ್ಟರೆ ಹಿಂದಿನ ಚಕ್ರ ಕಚ್ಚಿಕೊಂಡು ಹಿಂಭಾಗ ತಿರುಗಿಬಿಡುತ್ತದೆ. ಗೇರನ್ನು ಇಳಿಜಾರಿನ ತಲೆಯಲ್ಲೇ ನಿಶ್ಚಯ ಮಾಡಬೇಕು. ನಾನು ಹಾವಸೆಗೆ ಎರಡನೇ ಗೇರ್ ಹಾಕಿ, ನಡೆಯುವ ವೇಗಕ್ಕೆ ಬಂದ ಮೇಲೇ ಮೂತಿ ಇಳಿಸುತ್ತೇನೆ, ಬ್ರೇಕನ್ನು ಮುಟ್ಟಿ ಮುಟ್ಟಿ ಬಿಡುತ್ತೇನೆ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇಲ್ಲದ ಗಾಡಿಯಲ್ಲಿ ಮುಂದಿನ ಚಕ್ರ ಕಚ್ಚಿಕೊಂಡರೆ ಸ್ಟಿಯರಿಂಗ್ ಇದ್ದೂ ಇಲ್ಲ. ಹಿಂಭಾಗ ಜಾರಲು ಶುರುವಾದರೆ ಬ್ರೇಕ್ ಬಿಟ್ಟು, ಕ್ಲಚ್ ತುಳಿದು, ಹಿಂಭಾಗ ಯಾವ ಕಡೆ ಹೋಗುತ್ತಿದೆಯೋ ಆ ಕಡೆಗೇ ಸ್ಟಿಯರಿಂಗ್ ಕೊಡಬೇಕು, ನೆಟ್ಟಗಾಗುತ್ತಿದ್ದಂತೆ ವಾಪಸ್ ತರಬೇಕು. ತಡವಾದರೆ ಇನ್ನೊಂದು ಬದಿಗೆ ಬೀಸುತ್ತದೆ. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಮುಟ್ಟಲೇಬಾರದು. ಬಾಳೆಬರೆ ಘಾಟಿಯಲ್ಲಿ, ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಹೇರ್‌ಪಿನ್ ತಿರುವುಗಳಲ್ಲಿ ಇದೇ ಕ್ರಮ: ವೇಗ ಇಳಿಸುವುದು ತಿರುವಿಗೆ ಮೊದಲು, ನೆಟ್ಟಗಿರುವಾಗ. ತಿರುವಿನೊಳಗೆ ಬ್ರೇಕೂ ಇಲ್ಲ, ಗೇರೂ ಇಲ್ಲ.

ಟೈರಿನ ವಿಚಾರ. ಕಾನೂನು ಒಪ್ಪುವ ಹಲ್ಲಿನ ಆಳ 1.6 ಮಿಲಿಮೀಟರ್, ನಮ್ಮ ಮಳೆಗೆ ಅದು ಸಾಲದು. 3 ಮಿಲಿಮೀಟರಿಗೆ ಬಂದ ಟೈರನ್ನು ಮೇ ತಿಂಗಳಲ್ಲೇ ಬದಲಿಸುತ್ತೇನೆ. ಎರಡೇ ಹೊಸ ಟೈರು ಕೊಳ್ಳಲು ಕೈಗೂಡಿದರೆ ಅವು ಹಿಂದಕ್ಕೇ ಹೋಗಬೇಕು.

ಆಶ್ಲೇಷಾ ಮಳೆಯ ಹೊತ್ತಿಗೆ ಮಣ್ಣಿನ ದಾರಿ ಪೂರ್ತಿ ಗದ್ದೆಯಾದಾಗ ಹಿಂದಿನ ಚಕ್ರಕ್ಕೆ ಚೈನು ಕಟ್ಟುತ್ತೇವೆ. ಹಿಮದ ಊರಿನಲ್ಲೂ ಚೈನು ಬೀಳುವುದು ಎಂಜಿನ್ ತಿರುಗಿಸುವ ಚಕ್ರಕ್ಕೇ. ಕಟ್ಟಿ ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಮತ್ತೆ ಬಿಗಿಯಬೇಕು, ಸಡಿಲ ತುದಿ ಒಳಗಿನ ಬ್ರೇಕ್ ಪೈಪಿಗೆ ಬಡಿಯದಂತೆ ಸಿಕ್ಕಿಸಬೇಕು. ಟಾರು ಅಥವಾ ಕಾಂಕ್ರೀಟ್ ಸಿಕ್ಕಿದ ಕೂಡಲೇ ಬಿಚ್ಚಬೇಕು. ಮಳೆ ಹೊಳವಾದ ಮೇಲೆ ಹಿಂದಿನ ಡ್ರಮ್ ಬಿಚ್ಚಿಸಿ ಒಳಗೆ ಕೂತ ಕೆಸರು ತೆಗೆಸುತ್ತೇನೆ. ಹಾಗೇ ಬಿಟ್ಟರೆ ಲೈನಿಂಗ್ ಸವೆದು ಒಂದು ಚಕ್ರ ಹಿಡಿಯುತ್ತದೆ, ಒಂದು ಹಿಡಿಯುವುದಿಲ್ಲ. ಅಂಥ ಬ್ರೇಕಿನಲ್ಲಿ ಒಣ ರಸ್ತೆಯಲ್ಲೂ ಗಾಡಿ ಪಕ್ಕಕ್ಕೆ ಎಳೆಯುತ್ತದೆ.