ಈರುಳ್ಳಿ, ಉಪ್ಪು ಮತ್ತು ಒಂದು ಜೀವಂತ ಕೋಶ

ಜೀವಿಗಳೆಲ್ಲ ಜೀವಕೋಶಗಳಿಂದ ಆಗಿವೆ ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ, ಅಲ್ವಾ? ಆದರೆ ಕೋಶ ಕೆಲಸ ಮಾಡುವುದನ್ನು ಕಣ್ಣಾರೆ ಕಂಡವರು ಕಡಿಮೆ. ಕೆಂಪು ಈರುಳ್ಳಿ, ಉಪ್ಪು, ಶಾಲೆಯ ಮೈಕ್ರೋಸ್ಕೋಪ್ ಇದ್ದರೆ ಸಾಕು, ಮಕ್ಕಳಿಗೆ ತೋರಿಸಬಹುದು.

ಈರುಳ್ಳಿಯ ಒಣ ಸಿಪ್ಪೆ ತೆಗೆದು ಒಂದು ರಸಭರಿತ ಪದರ ಬಿಡಿಸಿಕೊಳ್ಳಿ. ಬಣ್ಣ ಇರುವುದು ಅದರ ಹೊರಮೈಯಲ್ಲಿ. ಅಲ್ಲಿ ಬ್ಲೇಡಿನಿಂದ ಉಗುರಿನಷ್ಟು ಚೌಕ ಗೀರಿ (ಇದು ದೊಡ್ಡವರ ಕೆಲಸ), ಚಿಮಟದಿಂದ ಮೂಲೆ ಹಿಡಿದು ಎಳೆಯಿರಿ. ತೆಳ್ಳಗಿನ ನೇರಳೆ ಸಿಪ್ಪೆ ಬರುತ್ತದೆ. ಸ್ಲೈಡಿನ (ಗಾಜಿನ ಪಟ್ಟಿಯ) ಮೇಲೆ ಒಂದು ಹನಿ ನೀರು ಹಾಕಿ, ಸಿಪ್ಪೆ ಮಡಚಿಕೊಳ್ಳದಂತೆ ಹರಡಿ. ಮೇಲೆ ಮುಚ್ಚುವ ತೆಳು ಗಾಜನ್ನು, ಅಂದರೆ ಕವರ್ ಸ್ಲಿಪ್ಪನ್ನು, ಓರೆಯಾಗಿ ಹಿಡಿದು ನಿಧಾನಕ್ಕೆ ಇಳಿಸಿ. ಅವಸರ ಮಾಡಿದರೆ ಗಾಳಿಗುಳ್ಳೆ ಸೇರುತ್ತದೆ. ದಪ್ಪ ಕಪ್ಪು ಅಂಚಿನ ಆ ದುಂಡು ಗುಳ್ಳೆಗಳನ್ನೇ ಮಕ್ಕಳು ಕೋಶ ಅಂದುಕೊಳ್ಳುವುದು ಜಾಸ್ತಿ.

ನೂರು ಪಟ್ಟು ದೊಡ್ಡದು ಮಾಡಿ ನೋಡಿ. ಇಟ್ಟಿಗೆ ಗೋಡೆಯಂತೆ ಸಾಲುಸಾಲು ಕೋಣೆಗಳು, ಒಳಗೆ ನೇರಳೆ ರಸ. 1665ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಬೆಂಡಿನ (ಕಾರ್ಕ್) ಚೂರಿನಲ್ಲಿ ಕಂಡು 'ಸೆಲ್' (ಕೋಶ) ಎಂದು ಕರೆದದ್ದು ಇಂಥ ಕೋಣೆಗಳನ್ನೇ. ಆದರೆ ಅವು ಸತ್ತ, ಖಾಲಿ ಕೋಣೆಗಳು. ನಿಮ್ಮ ಮುಂದಿರುವುದು ಬದುಕಿದೆ.

ಈಗ ಅರ್ಧ ಲೋಟ ನೀರಿಗೆ ಒಂದು ಟೀ ಚಮಚ ಉಪ್ಪು ಕರಗಿಸಿ. ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಆ ನೀರಿನ ಹನಿ ಬಿಡಿ, ಎದುರು ಅಂಚಿಗೆ ಟಿಶ್ಯೂ ಕಾಗದ ತಾಗಿಸಿ. ಉಪ್ಪುನೀರು ಒಳಗೆ ಹರಿಯುತ್ತದೆ. ಕಣ್ಣು ತೆಗೆಯಬೇಡಿ. ಕೆಲವೇ ನಿಮಿಷಗಳಲ್ಲಿ ನೇರಳೆ ಬಣ್ಣ ಗೋಡೆ ಬಿಟ್ಟು ನಡುವಿಗೆ ಮುದುಡಿಕೊಳ್ಳುತ್ತದೆ. ಎಷ್ಟು ಸಲ ನೋಡಿದರೂ ನನಗೆ ಮೈ ಜುಂ ಎನ್ನುತ್ತದೆ.

ಆಗಿದ್ದೇನು? ಗೋಡೆಗೆ ಅಂಟಿದಂತೆ ಒಳಗೊಂದು ತೆಳು ಪೊರೆ ಇದೆ. ಅದು ನೀರನ್ನು ಸಲೀಸಾಗಿ ಬಿಡುತ್ತದೆ, ಬಣ್ಣವನ್ನು ಬಿಡುವುದಿಲ್ಲ. ಹೊರಗೆ ಉಪ್ಪು ಜಾಸ್ತಿಯಾದಾಗ ಒಳಗಿನ ನೀರು ಹೊರಟುಹೋಯಿತು. ಉಪ್ಪು ಬೆರೆಸಿಟ್ಟ ಮಾವಿನಕಾಯಿ ಹೋಳು ನೀರು ಬಿಡುವುದೂ ಹೀಗೇ.

ತಡಮಾಡದೆ ಅದೇ ರೀತಿ ಉಪ್ಪಿಲ್ಲದ ಬರೀ ನೀರು ಹರಿಸಿ. ಕೋಶ ಮತ್ತೆ ತುಂಬಿಕೊಳ್ಳುತ್ತದೆ. ಕೊನೆಗೆ, ಕುದಿಯುವ ನೀರಿನಲ್ಲಿ ಅದ್ದಿದ ಇನ್ನೊಂದು ಸಿಪ್ಪೆಯನ್ನೂ ನೋಡಿ. ಪೊರೆ ಹಾಳಾಗಿ ಬಣ್ಣ ಸೋರಿಹೋಗಿರುತ್ತದೆ. ಗೋಡೆಗಳು ಮಾತ್ರ ಹಾಗೇ ನಿಂತಿರುತ್ತವೆ, ಹುಕ್ ಕಂಡ ಕೋಣೆಗಳಂತೆ.